ಬುತ್ತಿ ಕಟ್ಟಿಕೊಳ್ಳದ ಬೀಜ: ಮನೆಯಲ್ಲೇ ಆರ್ಕಿಡ್ ಕ್ರಾಸಿಂಗ್

ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ರಾಣೆಬೆನ್ನೂರು ಕಡೆಯವರು. ಮದುವೆಗೆ ಮುಂಚೆ ಅಲ್ಲಿ ಹತ್ತಿ ಹೊಲದಲ್ಲಿ ಕ್ರಾಸಿಂಗ್ ಕೆಲಸ ಮಾಡಿದವರು. ನಾನು ಧಾರವಾಡದ ನಮ್ಮ ಹಿತ್ತಲಲ್ಲಿ ಮೊದಲ ಸಲ ಆರ್ಕಿಡ್ ಹೂವಿನ ಮುಂದೆ ಹಲ್ಲುಕಡ್ಡಿ ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದೆ. ಅವರು ಕಸಬರಿಗೆ ಹಿಡಿದುಕೊಂಡೇ ಬಂದು ನೋಡಿದರು. "ಇಷ್ಟಕ್ಕ ಇಷ್ಟೊತ್ತೇನ್ರೀ? ನಾವು ಮುಂಜಾನಿ ಬಿಸಿಲೇರೋದ್ರಾಗ ಸಾಲಿಗೆ ಸಾಲು ಮುಗಸ್ತಿದ್ವಿ" ಅಂದರು.

ನಿಜವೇ. ಹೂವಿನಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸುವುದು ನಮ್ಮ ಭಾಗಕ್ಕೆ ಹೊಸದಲ್ಲ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು ವರಲಕ್ಷ್ಮಿ ಹತ್ತಿ ಮಾಡಿದ್ದು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ. ಹಾವೇರಿ ಜಿಲ್ಲೆಯ ಎಷ್ಟೋ ಮನೆಗಳಿಗೆ ಇವತ್ತಿಗೂ ಬೀಜೋತ್ಪಾದನೆಯೇ ಕಸುಬು. ಸಂಜೆ ಮೊಗ್ಗು ಬಿಚ್ಚಿ ಗಂಡು ಭಾಗ ಕಿತ್ತು ಹಾಕುವುದು, ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವು ತಂದು ಸವರುವುದು. "ಕ್ರಾಸಿಂಗ್" ಅನ್ನುವುದು ಅಲ್ಲಿ ಕನ್ನಡದ್ದೇ ಪದ.

ಆರ್ಕಿಡ್ ಕ್ರಾಸಿಂಗ್ ಹತ್ತಿಗಿಂತಲೂ ಸುಲಭ. ಕಷ್ಟ ಶುರುವಾಗುವುದು ಆಮೇಲೆ. ಹತ್ತಿ ಬೀಜವನ್ನು ಮಣ್ಣಿಗೆ ಹಾಕಿ ನೀರು ಕೊಟ್ಟರೆ ಮೊಳೆಯುತ್ತದೆ. ಆರ್ಕಿಡ್ ಬೀಜವನ್ನು ಹಾಗೆ ಹಾಕಿದರೆ ಏನೂ ಆಗುವುದಿಲ್ಲ. ಯಾಕೆ ಅನ್ನುವುದು ತಿಳಿದರೆ ಈ ಹವ್ಯಾಸದ ಮುಕ್ಕಾಲು ಪಾಲು ತಿಳಿದ ಹಾಗೆ.

ಮೊದಲು ಹೂವು. ಆರ್ಕಿಡ್ ಹೂವಿನಲ್ಲಿ ಗಂಡು ಭಾಗ, ಹೆಣ್ಣು ಭಾಗ ಬೇರೆ ಬೇರೆ ಇರುವುದಿಲ್ಲ. ಎರಡೂ ಒಂದೇ ಗಿಡ್ಡ ಕಂಬದಲ್ಲಿ ಸೇರಿಕೊಂಡಿರುತ್ತವೆ. ಕಂಬದ ತುದಿಯಲ್ಲಿ ಸಣ್ಣ ಟೊಪ್ಪಿಗೆ. ಟೊಪ್ಪಿಗೆ ಎತ್ತಿದರೆ ಹಳದಿ ಗುಳಿಗೆಗಳು. ಪರಾಗ ಪುಡಿಯಾಗಿ ಉದುರುವುದಿಲ್ಲ, ಮೇಣದ ಉಂಡೆಯ ಹಾಗೆ ಗಟ್ಟಿಯಾಗಿರುತ್ತದೆ. ಫೆಲೆನಾಪ್ಸಿಸ್‌ನಲ್ಲಿ ಎರಡು, ಡೆಂಡ್ರೋಬಿಯಂನಲ್ಲಿ ನಾಲ್ಕು. ಇವೆರಡೂ ಆರ್ಕಿಡ್ ಬಗೆಗಳ ಹೆಸರು. ಕಂಬದ ಕೆಳಗಡೆ, ತುಟಿಯಂಥ ದಳದ ಎದುರಿಗೆ ಒಂದು ಅಂಟು ಗುಳಿ. ಅದೇ ಹೆಣ್ಣು ಭಾಗ.

ಹೂವು ಅರಳಿ ನಾಲ್ಕೈದು ದಿನ ಆಗಿರಲಿ. ತಾಯಿ ಮಾಡಬೇಕೆಂದಿರುವ ಹೂವಿನ ಗುಳಿಗೆಯನ್ನು ಮೊದಲು ತೆಗೆದುಬಿಡಿ. ತಂದೆ ಹೂವಿನ ಟೊಪ್ಪಿಗೆಯನ್ನು ಹಲ್ಲುಕಡ್ಡಿಯಿಂದ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎತ್ತಿ. ಗುಳಿಗೆ ಕಡ್ಡಿಗೆ ಅಂಟಿಕೊಂಡು ಬರುತ್ತದೆ. ಡೆಂಡ್ರೋಬಿಯಂ ಗುಳಿಗೆಗೆ ಅಂಟು ಇರುವುದಿಲ್ಲ, ಜಾರಿ ಬೀಳುತ್ತದೆ. ಅದಕ್ಕೇ ಕಡ್ಡಿಯ ತುದಿಯನ್ನು ತಾಯಿ ಹೂವಿನ ಅಂಟಿಗೆ ಒಮ್ಮೆ ಮುಟ್ಟಿಸಿಕೊಂಡರೆ ಒಳ್ಳೆಯದು. ಮೊದಲ ಸಲ ನನ್ನ ಗುಳಿಗೆ ಹಾರಿ ಕುಂಡದ ಇದ್ದಿಲಿನೊಳಗೆ ಬಿತ್ತು. ಅರ್ಧ ತಾಸು ಹುಡುಕಿದೆ, ಸಿಗಲಿಲ್ಲ. ಕೆಳಗೆ ಒಂದು ಬಿಳಿ ಕಾಗದ ಹಿಡಿಯುವ ಬುದ್ಧಿ ಆಮೇಲೆ ಬಂತು. ಗುಳಿಗೆಯನ್ನು ಅಂಟು ಗುಳಿಯೊಳಗೆ ಒತ್ತಿದರೆ ಅಲ್ಲೇ ಕೂರುತ್ತದೆ. ಅಷ್ಟೇ, ಕ್ರಾಸಿಂಗ್ ಮುಗಿಯಿತು.

ಚೀಟಿ ಬರೆದು ತೊಟ್ಟಿಗೆ ಕಟ್ಟುವುದನ್ನು ಮಾತ್ರ ಮರೆಯಬೇಡಿ. ತಾಯಿಯ ಹೆಸರು ಮೊದಲು, ಗುಣಾಕಾರ ಚಿಹ್ನೆ, ತಂದೆಯ ಹೆಸರು, ತಾರೀಖು. ಪೆನ್ನಿನಲ್ಲಿ ಬರೆದರೆ ಧಾರವಾಡದ ಒಂದು ಮಳೆಗಾಲಕ್ಕೇ ಅಳಿಸಿಹೋಗುತ್ತದೆ. ಪೆನ್ಸಿಲ್ ಒಳ್ಳೆಯದು.

ಎರಡು ಮೂರು ದಿನದಲ್ಲಿ ಹೂವು ಬಾಡುತ್ತದೆ. ಗಾಬರಿ ಬೇಡ, ಅದು ಶುಭಸೂಚನೆ. ಕಂಬ ಊದಿಕೊಂಡು ಗುಳಿಯ ಬಾಯಿ ಮುಚ್ಚಿಕೊಳ್ಳುತ್ತದೆ. ಹೂವಿನ ಹಿಂದಿನ ತೊಟ್ಟು ದಪ್ಪಗಾಗುತ್ತಾ ಹೋಗಿ ಕಾಯಿಯಾಗುತ್ತದೆ. ಇಲ್ಲೊಂದು ಸ್ವಾರಸ್ಯ ಇದೆ. ಪರಾಗ ಬೀಳುವ ತನಕ ಆರ್ಕಿಡ್ ತನ್ನೊಳಗೆ ಬೀಜದ ಅಂಡಗಳನ್ನೇ ಪೂರ್ತಿ ತಯಾರು ಮಾಡಿರುವುದಿಲ್ಲ. ನೆಂಟರು ಬಾಗಿಲಿಗೆ ಬಂದ ಮೇಲೆ ಒಲೆ ಹೊತ್ತಿಸಿದ ಹಾಗೆ. ಫೆಲೆನಾಪ್ಸಿಸ್‌ನಲ್ಲಿ ಪರಾಗ ಮುಟ್ಟಿಸಿದ್ದಕ್ಕೂ ನಿಜವಾದ ಫಲೀಕರಣಕ್ಕೂ ಎರಡು ತಿಂಗಳಿಗಿಂತ ಹೆಚ್ಚು ಅಂತರ ಇರುತ್ತದೆ. ಹಾಗಾಗಿ ಕಾಯಿ ಬಲಿಯಲು ನಾಲ್ಕೈದು ತಿಂಗಳು ಬೇಕು. ಕ್ಯಾಟ್ಲೆಯಾ ಅನ್ನುವ ಇನ್ನೊಂದು ಬಗೆಗೆ ಒಂಬತ್ತರಿಂದ ಹನ್ನೆರಡು ತಿಂಗಳೇ ಆಗಬಹುದು.

ಕಾಯಿ ಊದಿದ ಮಾತ್ರಕ್ಕೆ ಬೀಜ ಇದೆ ಅಂತಲೂ ಅಲ್ಲ. ಅಂಗಡಿಯಿಂದ ತಂದ ದೊಡ್ಡ ಬಿಳಿ ಫೆಲೆನಾಪ್ಸಿಸ್ ಮೇಲೆ ನಾನು ಮೂರು ಸಲ ಪ್ರಯತ್ನ ಮಾಡಿದೆ. ಮೂರು ಸಲವೂ ಕಾಯಿ ಬಂತು. ಒಡೆದು ನೋಡಿದರೆ ಬರೀ ಹೊಟ್ಟು. ಇದರ ಕಾರಣಕ್ಕೆ ಆಮೇಲೆ ಬರುತ್ತೇನೆ.

ಬೀಜದೊಳಗೆ ಏನಿಲ್ಲ

ಒಂದು ಜೋಳದ ಕಾಳು ತೆಗೆದುಕೊಳ್ಳಿ. ಮೂಲೆಯಲ್ಲಿ ಸಣ್ಣ ಮೊಳಕೆ, ಉಳಿದದ್ದೆಲ್ಲ ಹಿಟ್ಟು. ಆ ಹಿಟ್ಟು ನಮಗೆ ರೊಟ್ಟಿ, ಮೊಳಕೆಗೆ ಬುತ್ತಿ. ಬೇರು ಇಳಿದು ಎಲೆ ಬರುವ ತನಕ ದಾರಿಯಲ್ಲಿ ತಿನ್ನಲಿಕ್ಕೆ ತಾಯಿ ಗಿಡ ಕಟ್ಟಿಕೊಟ್ಟಿದ್ದು. ಆರ್ಕಿಡ್ ತಾಯಿ ಈ ಬುತ್ತಿ ಕಟ್ಟುವುದಿಲ್ಲ. ಅದರ ಬೀಜ ಅಂದರೆ ಒಂದು ತೆಳ್ಳನೆಯ ಚೀಲ, ನಡುವೆ ಒಂದು ಚುಕ್ಕೆ. ಚೀಲದಲ್ಲಿ ಉಳಿದದ್ದು ಗಾಳಿ. ಬಲಿತ ಕಾಯಿಯನ್ನು ಕಾಗದದ ಮೇಲೆ ತಟ್ಟಿದರೆ ತಿಳಿ ಹಳದಿ ಧೂಳು ಉದುರುತ್ತದೆ. ಒಂದು ಸೀನು ಬಂದರೆ ಸಾವಿರಾರು ಗಿಡ ಹಾರಿಹೋದ ಲೆಕ್ಕ.

ಬುತ್ತಿ ಉಳಿಸಿದ್ದರಿಂದ ತಾಯಿಗೆ ಸಿಕ್ಕಿದ್ದು ಸಂಖ್ಯೆ. ಚಾರ್ಲ್ಸ್ ಡಾರ್ವಿನ್ ಇಂಗ್ಲೆಂಡಿನ ಒಂದು ನೆಲದ ಆರ್ಕಿಡ್‌ನಲ್ಲಿ ಕಾಯಿಗೆ ಸುಮಾರು 6,200 ಬೀಜ ಎಣಿಸಿ, ಮೂವತ್ತು ಕಾಯಿಯ ಗಿಡಕ್ಕೆ 1,86,300 ಅಂತ ಲೆಕ್ಕ ಕಟ್ಟಿದ್ದ. ಅಷ್ಟೂ ಗಿಡವಾದರೆ ಅದರ ಮರಿಮಕ್ಕಳೇ ಭೂಮಿಯ ನೆಲವನ್ನೆಲ್ಲ ಮುಚ್ಚಿಬಿಡುತ್ತವೆ ಅಂತಲೂ ಬರೆದ. ಅದು ಸಣ್ಣ ಲೆಕ್ಕ. ನಾವು ಮನೆಯಲ್ಲಿ ಬೆಳೆಸುವ ಕ್ಯಾಟ್ಲೆಯಾದಂಥ ಆರ್ಕಿಡ್‌ಗಳ ಒಂದೇ ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜ ಇರುತ್ತವೆ.

ಹಾಗಾದರೆ ಕಾಡಿನಲ್ಲಿ ಇವು ಮೊಳೆಯುವುದು ಹೇಗೆ? ಮರದ ತೊಗಟೆಯಲ್ಲಿ, ಎಲೆಗೊಬ್ಬರದಲ್ಲಿ ಇರುವ ಕೆಲವು ಬೂಷ್ಟು ಈ ಬೀಜದೊಳಗೆ ನುಗ್ಗುತ್ತವೆ. ಬೀಜ ಸಾಯುವ ಬದಲು ಆ ಬೂಷ್ಟಿನಿಂದಲೇ ಸಕ್ಕರೆ ಕಿತ್ತುಕೊಂಡು ಬೆಳೆಯುತ್ತದೆ. ಅಂದರೆ ತಿನ್ನಲು ಬಂದವನನ್ನೇ ತಿನ್ನುತ್ತದೆ. ಸರಿಯಾದ ಬೂಷ್ಟು ಸರಿಯಾದ ಜಾಗದಲ್ಲಿ ಸಿಗುವ ಬೀಜ ಲಕ್ಷಕ್ಕೆ ಒಂದೋ ಎರಡೋ. ನಮ್ಮ ಕಡೆ ಹಳೆಯ ಮಾವಿನ ಮರಗಳ ಮೇಲೆ ವಾಂಡಾ ಟೆಸ್ಸೆಲ್ಲಾಟಾ ಅನ್ನುವ ಆರ್ಕಿಡ್ ನೋಡಿರುತ್ತೀರಿ. ಕಂದು ಗೆರೆಯ ದಳ, ನೀಲಿ-ನೇರಳೆ ತುಟಿ, ಹತ್ತಿರ ಹೋದರೆ ಒಳ್ಳೆ ವಾಸನೆ. ಅದನ್ನೂ ಬದನಿಕೆ ಅಂತಲೇ ತಿಳಿದು ಕಿತ್ತುಹಾಕುವವರು ಇದ್ದಾರೆ. ಬದನಿಕೆ ಮರದ ರಸ ಹೀರುತ್ತದೆ. ಆರ್ಕಿಡ್ ಮರದ ಮೇಲೆ ಸುಮ್ನೆ ಕೂತಿರುತ್ತದೆ, ಅಷ್ಟೇ.

ಈ ಬೂಷ್ಟಿನ ಗುಟ್ಟು 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ ಕಂಡುಹಿಡಿಯುವ ತನಕ ಬೆಳೆಗಾರರು ಕತ್ತಲಲ್ಲೇ ಕೈಯಾಡಿಸುತ್ತಿದ್ದರು. ಮನುಷ್ಯ ಕೈಯಾರೆ ಮಾಡಿದ ಮೊದಲ ಹೈಬ್ರಿಡ್ ಆರ್ಕಿಡ್ ಕ್ಯಾಲಾಂಥೆ ಅನ್ನುವ ಬಗೆಯದು. ಇಂಗ್ಲೆಂಡಿನ ವೀಚ್ ನರ್ಸರಿಯ ಜಾನ್ ಡೊಮಿನಿ ಕೂಡಿಸಿದ್ದು, 1856ರಲ್ಲಿ ಹೂ ಬಿಟ್ಟಿತು. ಆಗೆಲ್ಲ ಬೀಜವನ್ನು ತಾಯಿ ಗಿಡದ ಬುಡದಲ್ಲೇ ಉದುರಿಸಿ ಕಾಯುತ್ತಿದ್ದರು. ಅಲ್ಲಿ ಬೂಷ್ಟು ಇದ್ದರೆ ಅದೃಷ್ಟ. ಕೊನೆಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದ: ಬೂಷ್ಟು ಕೊಡುವುದು ಸಕ್ಕರೆ ತಾನೇ? ಆ ಸಕ್ಕರೆಯನ್ನು ನಾವೇ ಕೊಟ್ಟರೆ ಬೂಷ್ಟು ಬೇಕಿಲ್ಲ. ಬಾಟಲಿಯಲ್ಲಿ ಸಕ್ಕರೆ, ಒಂದಷ್ಟು ಲವಣ, ಗಟ್ಟಿಯಾಗಲು ಅಗರ್. ಬೀಜ ಮೊಳೆಯಿತು. ನಾವು ಅಡುಗೆಮನೆಯಲ್ಲಿ ಮಾಡುವುದೂ ಅದನ್ನೇ. ಬುತ್ತಿ ಕಟ್ಟುವುದು.

ಕುಕ್ಕರಿನ ಕೆಲಸ

ತೊಂದರೆ ಏನೆಂದರೆ ಸಕ್ಕರೆ ಇಟ್ಟ ಕಡೆ ಬರುವುದು ಆರ್ಕಿಡ್ ಒಂದೇ ಅಲ್ಲ. ಗಾಳಿಯಲ್ಲಿರುವ ಪ್ರತಿ ಬೂಷ್ಟು, ಪ್ರತಿ ಬ್ಯಾಕ್ಟೀರಿಯಾಕ್ಕೂ ಅದು ಹಬ್ಬದೂಟ. ಆರ್ಕಿಡ್ ಬೀಜ ಹಸಿರಾಗುವುದಕ್ಕೇ ತಿಂಗಳು ಬೇಕು. ಬೂಷ್ಟಿಗೆ ಮೂರು ದಿನ ಸಾಕು. ಆದ್ದರಿಂದ ಬಾಟಲಿಯೊಳಗೆ ಬೀಜ ಬಿಟ್ಟು ಬೇರೆ ಒಂದು ಜೀವವೂ ಇರಬಾರದು.

ನನ್ನ ಪಾಕ ಹೀಗೆ. ಒಂದು ಲೀಟರ್ ನೀರಿಗೆ 20 ಗ್ರಾಂ ಸಕ್ಕರೆ, 7–8 ಗ್ರಾಂ ಅಗರ್, ಸುಮಾರು 2 ಗ್ರಾಂ ಗೊಬ್ಬರ, 100 ಮಿಲಿ ಎಳನೀರು, ಒಂದು ಗ್ರಾಂ ಆಕ್ಟಿವೇಟೆಡ್ ಚಾರ್ಕೋಲ್. ಅಗರ್ ಅಂದರೆ ಕಿರಾಣಿ ಅಂಗಡಿಯಲ್ಲಿ ಸಿಗುವ ಚೈನಾ ಗ್ರಾಸ್. ಗೊಬ್ಬರ ಅಂದರೆ ನಮ್ಮ ಮೆಣಸಿನಕಾಯಿ ರೈತರು ಎಲೆಗೆ ಹೊಡೆಯುವ ನೀರಲ್ಲಿ ಕರಗುವ 19:19:19. ಪ್ರಯೋಗಾಲಯದವರು ನಡ್ಸನ್ ಸಿ, ಎಂಎಸ್ ಅಂತ ಹೆಸರಿರುವ ಲವಣದ ಮಿಶ್ರಣ ಹಾಕುತ್ತಾರೆ. ಅದು ಇನ್ನೂ ಒಳ್ಳೆಯದು, ದುಡ್ಡೂ ಜಾಸ್ತಿ. ಹವ್ಯಾಸಕ್ಕೆ ಇದು ಸಾಕು. ನೀರು ಮಾತ್ರ ಬೋರ್‌ವೆಲ್‌ದು ಬೇಡ, ನಮ್ಮ ಕಡೆ ಗಡಸು. ಸೋಸಿದ ಮಳೆನೀರು ಅಥವಾ ಆರ್‌ಒ ನೀರು ಇರಲಿ.

ಪಾಕದ ಪಿಎಚ್, ಅಂದರೆ ಹುಳಿಯ ಅಳತೆ (ಇದು ಕಡಿಮೆಯಾದಷ್ಟೂ ಹುಳಿ ಜಾಸ್ತಿ), 5.2ರಿಂದ 5.6ರ ನಡುವೆ ಇರಬೇಕು. ಪಿಎಚ್ ಕಾಗದದಲ್ಲಿ ನೋಡಿ, ಹೆಚ್ಚಿದ್ದರೆ ಒಂದು ಹನಿ ವಿನೆಗರ್, ಕಡಿಮೆ ಇದ್ದರೆ ಚಿಟಿಕೆ ಅಡುಗೆ ಸೋಡಾ. ಹುಳಿ ಜಾಸ್ತಿಯಾದರೆ ಅಗರ್ ಗಟ್ಟಿಯಾಗದೆ ಅಂಬಲಿಯ ಹಾಗೆ ಉಳಿಯುತ್ತದೆ.

ಪಾಕವನ್ನು ಜಾಮ್ ಬಾಟಲಿಗಳಿಗೆ ಬೆರಳಿನಷ್ಟು ದಪ್ಪಕ್ಕೆ ಹಾಕಿ, ಮುಚ್ಚಳ ಸಡಿಲ ಬಿಟ್ಟು, ಮೇಲೆ ಫಾಯಿಲ್ ಸುತ್ತಿ ಪ್ರೆಷರ್ ಕುಕ್ಕರಿನಲ್ಲಿ ಇಡುತ್ತೇನೆ. ಬೇಕಾಗಿರುವುದು 121 ಡಿಗ್ರಿ, 15 ಪೌಂಡ್ ಒತ್ತಡ, 20 ನಿಮಿಷ. ಮನೆಯ ಕುಕ್ಕರಿನ ತೂಕದ ಸೀಟಿ ಹೆಚ್ಚುಕಡಿಮೆ ಅದೇ ಒತ್ತಡಕ್ಕೆ ಏಳುತ್ತದೆ. ಇಲ್ಲಿ ಸೀಟಿ ಎಣಿಸಬಾರದು. ಮೊದಲ ಸೀಟಿ ಆದ ಮೇಲೆ ಉರಿ ಸಣ್ಣ ಮಾಡಿ ಗಡಿಯಾರ ನೋಡಬೇಕು. ತಾನಾಗಿ ಆರುವ ತನಕ ತೆಗೆಯಬಾರದು. ಅವಸರಕ್ಕೆ ಸೀಟಿ ಎತ್ತಿ ಉಗಿ ಬಿಟ್ಟರೆ ಬಾಟಲಿಯೊಳಗಿನ ಪಾಕವೆಲ್ಲ ಉಕ್ಕಿ ಹೊರಗೆ. ಒಮ್ಮೆ ಹಾಗೆ ಮಾಡಿ, ಕುಕ್ಕರ್ ತಿಕ್ಕುವುದು ನನ್ನ ಪಾಲಿಗೇ ಬಂತು. ಆಮೇಲೆ ನನಗೆ ಅಂತಲೇ ಬೇರೆ ಕುಕ್ಕರ್ ತಂದುಕೊಂಡೆ.

ಬೀಜ ಬಿತ್ತಲು ಎರಡು ದಾರಿ. ಕಾಯಿ ಒಡೆದ ಮೇಲೆ ಒಣ ಬೀಜ ಬಿತ್ತಬಹುದು. ಆದರೆ ಆ ಧೂಳನ್ನು ಬ್ಲೀಚ್ ನೀರಿನಲ್ಲಿ ಅದ್ದಿ ತೊಳೆಯಬೇಕು. ಸ್ವಲ್ಪ ಹೊತ್ತು ಜಾಸ್ತಿಯಾದರೆ ಬೀಜವೇ ಸಾಯುತ್ತದೆ, ಕಡಿಮೆಯಾದರೆ ಬೂಷ್ಟು ಉಳಿಯುತ್ತದೆ. ಹೊಸಬರಿಗೆ ಹಸಿರು ಕಾಯಿಯ ದಾರಿಯೇ ಸರಿ. ಕಾಯಿ ಇನ್ನೂ ಒಡೆಯುವ ಮುಂಚೆ, ಹಸಿರಾಗಿರುವಾಗಲೇ ಕೊಯ್ಯುವುದು. ಒಡೆಯದ ಕಾಯಿಯ ಒಳಗೆ ಪೂರ್ತಿ ಶುದ್ಧ, ತೆಂಗಿನಕಾಯಿಯೊಳಗಿನ ನೀರಿನ ಹಾಗೆ. ಹೊರಗಿನ ಸಿಪ್ಪೆ ತೊಳೆದರೆ ಸಾಕು. ಪಾತ್ರೆ ಸೋಪಿನಿಂದ ಉಜ್ಜಿ, ಹತ್ತರಲ್ಲಿ ಒಂದು ಪಾಲು ಬ್ಲೀಚ್ ಇರುವ ನೀರಿನಲ್ಲಿ ಕಾಲು ತಾಸು ಮುಳುಗಿಸಿಡುವುದು.

ಬಿತ್ತುವ ಜಾಗಕ್ಕೆ ಪ್ರಯೋಗಾಲಯದಲ್ಲಿ ಶುದ್ಧ ಗಾಳಿ ಊದುವ ಯಂತ್ರ ಇರುತ್ತದೆ. ನನ್ನದು ಚಾದರ ಇಡುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ಮಗ್ಗುಲಿಗೆ ತಿರುಗಿಸಿ, ಕೈ ಹೋಗುವಷ್ಟು ಎರಡು ತೂತು ಕೊರೆದಿದ್ದೇನೆ. ಇದರ ತತ್ವ ಬಲು ಸರಳ. ಗಾಳಿ ಅಲುಗಾಡದಿದ್ದರೆ ಅದರಲ್ಲಿರುವ ಧೂಳು ಕೆಳಗೆ ಕೂರುತ್ತದೆ. ಒಳಗೆಲ್ಲ ಬ್ಲೀಚ್ ನೀರು ಸಿಂಪಡಿಸಿ, ಒರೆಸಿ, ಅರ್ಧ ತಾಸು ಬಿಡುತ್ತೇನೆ. ಫ್ಯಾನ್ ಬಂದ್, ಕಿಟಕಿ ಬಂದ್, ಮಾತೂ ಬಂದ್. ಒಂದು ಎಚ್ಚರಿಕೆ: ಡಬ್ಬಿಯೊಳಗೆ ಸ್ಪಿರಿಟ್ ಸಿಂಪಡಿಸಿ ದೀಪ ಹಚ್ಚಬೇಡಿ. ಸ್ಪಿರಿಟ್ ಆವಿ ಭಗ್ ಅಂತ ಹೊತ್ತಿಕೊಳ್ಳುತ್ತದೆ. ನನ್ನ ಮುಂಗೈ ಕೂದಲು ಹೋಗಿದ್ದು ಹಾಗೆ. ಸ್ಪಿರಿಟ್‌ಗೂ ಬ್ಲೀಚ್‌ಗೂ ಬೆರಕೆ ಮಾಡಬೇಡಿ. ಬ್ಲೇಡು, ಚಿಮಟಗಳನ್ನು ಫಾಯಿಲ್‌ನಲ್ಲಿ ಸುತ್ತಿ ಬಾಟಲಿಗಳ ಜೊತೆಗೇ ಕುಕ್ಕರಿಗೆ ಹಾಕಿದರೆ ಬೆಂಕಿಯ ಗೊಡವೆಯೇ ಇಲ್ಲ.

ಡಬ್ಬಿಯೊಳಗೆ ಕಾಯಿಯನ್ನು ಉದ್ದಕ್ಕೆ ಸೀಳಿ, ಬಿಳಿ ಹಿಟ್ಟಿನಂಥ ಬೀಜವನ್ನು ಬ್ಲೇಡಿನ ತುದಿಯಲ್ಲಿ ಕೆರೆದು ಪಾಕದ ಮೇಲೆ ಉದುರಿಸಬೇಕು. ಮುಚ್ಚಳ ಬಿಗಿ. ಆಸೆಗೆ ಬಿದ್ದು ಜಾಸ್ತಿ ಹಾಕಬೇಡಿ. ಚಿಟಿಕೆಯ ಕಾಲು ಪಾಲಿನಲ್ಲೇ ಸಾವಿರ ಗಿಡ ಇರುತ್ತದೆ.

ನಾನು ಮೊದಲ ಸಲ ಬಿತ್ತಿದ್ದು ಜುಲೈನಲ್ಲಿ, ಜಿಟಿಜಿಟಿ ಮಳೆ ಹಿಡಿದಾಗ. ಒಂಬತ್ತು ಬಾಟಲಿಯಲ್ಲಿ ಏಳಕ್ಕೆ ಬೂಷ್ಟು. ಗೋಡೆಗೇ ಬೂಷ್ಟು ಹಿಡಿಯುವ ಕಾಲದಲ್ಲಿ ಬಾಟಲಿ ಬಿಡುತ್ತದೆಯೇ? ಈಗ ಫೆಬ್ರವರಿಯಲ್ಲಿ ಬಿತ್ತುತ್ತೇನೆ. ಅಕ್ಟೋಬರಿನಲ್ಲಿ ಕ್ರಾಸ್ ಮಾಡಿದ ಡೆಂಡ್ರೋಬಿಯಂ ಕಾಯಿ ಆ ಹೊತ್ತಿಗೆ ಸರಿಯಾಗಿ ಬಲಿತಿರುತ್ತದೆ.

ಬಾಟಲಿಯಿಂದ ಹಿತ್ತಲಿಗೆ

ಎರಡು ಮೂರು ವಾರ ಏನೂ ಕಾಣುವುದಿಲ್ಲ. ದಿನಾ ನೋಡುತ್ತೀರಿ, ದಿನಾ ಅದೇ ಬಿಳಿ ಪುಡಿ. ಆಮೇಲೆ ಒಂದು ದಿನ ಭೂತಗನ್ನಡಿ ಹಿಡಿದರೆ ಪುಡಿ ಉಬ್ಬಿರುತ್ತದೆ. ಇನ್ನೆರಡು ವಾರಕ್ಕೆ ತಿಳಿಹಸಿರು. ಸಾಸಿವೆಗಿಂತ ಸಣ್ಣ ಹಸಿರು ಉಂಡೆಗಳು, ಬುಡದಲ್ಲಿ ನವಿರಾದ ಬಿಳಿ ಕೂದಲು. ಇದಕ್ಕೆ ಪ್ರೋಟೋಕಾರ್ಮ್ ಅನ್ನುತ್ತಾರೆ. ಬೇರೂ ಅಲ್ಲ, ಎಲೆಯೂ ಅಲ್ಲ, ಎರಡಕ್ಕೂ ಮುಂಚಿನ ಅವಸ್ಥೆ. ಬೇರೆ ಬೀಜಗಳು ಬುತ್ತಿ ತಿಂದು ನೇರ ಎಲೆ ಬಿಡುತ್ತವೆ. ಇದು ಮೊದಲು ತನ್ನ ಮೈಯನ್ನೇ ಕಟ್ಟಿಕೊಳ್ಳಬೇಕು. ಉಂಡೆಯ ನೆತ್ತಿಯಲ್ಲಿ ಚೂಪು ಎಲೆ, ಆಮೇಲೆ ಬೇರು.

ಎಲೆ ಬಂದಾಗ ಹೊಸ ಬಾಟಲಿಗೆ ದೂರ ದೂರ ಹಚ್ಚಬೇಕು. ಮತ್ತೆ ಕುಕ್ಕರ್, ಮತ್ತೆ ಡಬ್ಬಿ. ಈ ಸಲದ ಪಾಕಕ್ಕೆ ನಾನು ಲೀಟರಿಗೆ 50 ಗ್ರಾಂ ಬಾಳೆಹಣ್ಣು ಕಿವುಚಿ ಹಾಕುತ್ತೇನೆ. ಬೇರು ದಪ್ಪ ಬರುತ್ತವೆ. ಬಾಟಲಿಗಳನ್ನು ನೇರ ಬಿಸಿಲಿಗೆ ಇಡಬಾರದು, ಒಳಗೆ ಬೆಂದುಹೋಗುತ್ತವೆ. ಟ್ಯೂಬ್‌ಲೈಟ್ ಕೆಳಗಿನ ಕಪಾಟು ಸಾಕು.

ಬಾಟಲಿಯಿಂದ ಹೊರಗೆ ತರುವ ದಿನವನ್ನು ನೋಡಿ ಆರಿಸಬೇಕು. ಹೊರದೇಶದ ಸಲಹೆಗಳಲ್ಲಿ ವಸಂತ ಕಾಲ ಒಳ್ಳೆಯದು ಅಂತ ಇರುತ್ತದೆ. ನಮ್ಮ ವಸಂತ ಅಂದರೆ ಮಾರ್ಚ್-ಏಪ್ರಿಲ್‌ನ ಒಣ ಗಾಳಿ. ಅಲ್ಲಿಯ ತನಕ ಬಾಟಲಿಯ ತೇವದಲ್ಲೇ ಬೆಳೆದ ಎಲೆ ಒಂದೇ ಮಧ್ಯಾಹ್ನಕ್ಕೆ ಸುರುಟುತ್ತದೆ. ಧಾರವಾಡದಲ್ಲಿ ಜೂನ್ ಎರಡನೇ ವಾರದ ನಂತರ, ಮೋಡ ಕವಿದು ಗಾಳಿ ತಣ್ಣಗಾದ ಮೇಲೆ ತೆಗೆಯುವುದು ಸರಿ. ಗದಗಿನ ಗೆಳೆಯರೊಬ್ಬರು ಮಳೆಗಾಲದಲ್ಲೂ ಕುಂಡಗಳ ಕೆಳಗೆ ಒದ್ದೆ ಮರಳಿನ ತಟ್ಟೆ ಇಡುತ್ತಾರೆ. ಅಲ್ಲಿ ಗಾಳಿ ಅಷ್ಟು ಒಣ.

ಬೇರಿಗೆ ಅಂಟಿದ ಅಗರ್ ಅನ್ನು ಉಗುರು ಬೆಚ್ಚಗಿನ ನೀರಲ್ಲಿ ಪೂರ್ತಿ ತೊಳೆಯಿರಿ. ಸಕ್ಕರೆ ಉಳಿದರೆ ಕೊಳೆತ ಶುರು. ಇದ್ದಿಲಿನ ಚೂರು, ತೆಂಗಿನ ಸಿಪ್ಪೆಯ ತುಂಡು, ಒಡೆದ ಇಟ್ಟಿಗೆ ತುಂಬಿದ ಒಂದೇ ಕುಂಡದಲ್ಲಿ ಹದಿನೈದು ಇಪ್ಪತ್ತು ಸಸಿ ಒತ್ತಾಗಿ ಕೂರಿಸುತ್ತೇನೆ. ಗುಂಪಿನಲ್ಲಿದ್ದರೆ ತೇವ ಹಿಡಿಯುತ್ತದೆ. ನೆರಳು ಬಲೆ, ವಾರಕ್ಕೊಮ್ಮೆ ಲೀಟರಿಗೆ ಅರ್ಧ ಗ್ರಾಂ 19:19:19. ಉಳಿದದ್ದು ಬಸವನಹುಳುವಿನ ಜೊತೆ ಯುದ್ಧ. ಅದರ ಬಗ್ಗೆ ಹೇಳಲು ನನಗೆ ಮನಸ್ಸಿಲ್ಲ.

ಹೂವು ಹೇಗೆ ಬರುತ್ತದೆ?

ಗಿಡ ಆರಿಸುವಾಗಲೇ ತಿಳಿದಿದ್ದರೆ ಚೆನ್ನಾಗಿತ್ತು ಅನ್ನಿಸಿದ ಎರಡು ವಿಷಯ ಇವೆ.

ಒಂದು, ಅಂಗಡಿಯ ಆರ್ಕಿಡ್‌ಗಳು ಹೆಚ್ಚಾಗಿ ತದ್ರೂಪಿಗಳು. ಒಂದು ಒಳ್ಳೆಯ ಗಿಡದ ಅಂಗಾಂಶದಿಂದ ಸಾವಿರಾರು ಮಾಡಿರುತ್ತಾರೆ, ಎಲ್ಲಕ್ಕೂ ಅದೇ ಹೂವು. ಬೀಜದ ಗಿಡ ಹಾಗಲ್ಲ, ಒಡಹುಟ್ಟಿದವರ ಹಾಗೆ ಒಂದೊಂದೂ ಬೇರೆ. ಅದರಲ್ಲೂ ತಂದೆ ತಾಯಿ ಇಬ್ಬರೂ ಈಗಾಗಲೇ ಹತ್ತಾರು ತಲೆಮಾರಿನ ಮಿಶ್ರಣವಾಗಿದ್ದರೆ ಮಕ್ಕಳಲ್ಲಿ ಯಾವ ಅಜ್ಜನ ಮೂಗು ಬರುತ್ತದೋ ಹೇಳಲಾಗದು. ಇನ್ನು ನನ್ನ ಹೊಟ್ಟು ಕಾಯಿಯ ಕಥೆ. ಕಾಡಿನ ಫೆಲೆನಾಪ್ಸಿಸ್‌ಗೆ 38 ವರ್ಣತಂತುಗಳು (ಜೀನ್ ಹೊತ್ತ ಎಳೆಗಳು), ಅಂದರೆ ತಾಯಿಯಿಂದ 19, ತಂದೆಯಿಂದ 19. 1940ರಲ್ಲಿ ಅಮೆರಿಕದಲ್ಲಿ ಬಂದ 'ಡೋರಿಸ್' ಅನ್ನುವ ಬಿಳಿ ಹೈಬ್ರಿಡ್‌ನಲ್ಲಿ ಅದು ಇಮ್ಮಡಿಯಾಗಿತ್ತು. ಹೂವು ದೊಡ್ಡದು, ದಳ ದಪ್ಪ. ಇಂದಿನ ದೊಡ್ಡ ಬಿಳಿ ಹೂಗಳ ವಂಶದಲ್ಲಿ ಅದರ ರಕ್ತ ತುಂಬಾ ಇದೆ. 38ರ ಗಿಡವನ್ನು 76ರ ಗಿಡಕ್ಕೆ ಕೂಡಿಸಿದರೆ ಮಗು 57. ಬೆಸ ಸಂಖ್ಯೆಯ ಜನ ಜೋಡಿ ಕೋಲಾಟಕ್ಕೆ ನಿಂತ ಹಾಗೆ, ಸಮನಾಗಿ ಹಂಚಿಕೊಳ್ಳಲು ಆಗುವುದಿಲ್ಲ. ಗಿಡ ಗಟ್ಟಿಮುಟ್ಟು, ಹೂವು ಸುಂದರ, ಬೀಜ ಮಾತ್ರ ಹೊಟ್ಟು. ನನ್ನ ಬಿಳಿ ಗಿಡ ಅಂಥದ್ದೇ ಇರಬೇಕು.

ಎರಡನೆಯದು ಬಣ್ಣ. ಬಿಳಿಗೆ ಬಿಳಿ ಕೂಡಿಸಿದರೆ ಬಿಳಿಯೇ ಅಲ್ವಾ? ಕ್ಯಾಟ್ಲೆಯಾ ಬೆಳೆಗಾರರೂ ಹಾಗೇ ಅಂದುಕೊಂಡಿದ್ದರು. ಕೆಲವು ಬಿಳಿ ಜೋಡಿಗಳಿಗೆ ಹುಟ್ಟಿದ ಮಕ್ಕಳೆಲ್ಲ ನೇರಳೆ! ಎಲೆಅಡಿಕೆ ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬಾಯಿ ಕೆಂಪಾಗಲು ಅಡಿಕೆಯೂ ಬೇಕು, ಸುಣ್ಣವೂ ಬೇಕು. ಒಂದು ಮನೆಯಲ್ಲಿ ಅಡಿಕೆ ಇದೆ, ಸುಣ್ಣ ಇಲ್ಲ. ಇನ್ನೊಂದು ಮನೆಯಲ್ಲಿ ಸುಣ್ಣ ಇದೆ, ಅಡಿಕೆ ಇಲ್ಲ. ಎರಡೂ ಮನೆಯವರ ಬಾಯಿ ಬಿಳಿ. ಸಂಬಂಧ ಬೆಳೆದ ಮೇಲೆ ಮಕ್ಕಳಿಗೆ ಎರಡೂ ಸಿಕ್ಕಿತು, ಬಾಯಿ ಕೆಂಪಾಯಿತು. ಬಣ್ಣ ತಯಾರಾಗಲು ಗಿಡಕ್ಕೂ ಹೀಗೆ ಎರಡು ಬೇರೆ ಬೇರೆ ಜೀನ್ ಬೇಕು. ಬಿಳಿ ಹೂವಿನಲ್ಲಿ ಇಲ್ಲದಿರುವುದು ಯಾವುದು ಅಂತ ಹೊರಗಿನಿಂದ ಕಾಣುವುದಿಲ್ಲ.

ಹೆಸರಿಗೂ ಒಂದು ನಿಯಮ ಇದೆ. ಒಂದೇ ತಂದೆ ತಾಯಿಗೆ ಹುಟ್ಟಿದ ಎಲ್ಲ ಗಿಡಕ್ಕೂ ಒಂದೇ ಹೆಸರು, ಕೂಡಿಸಿದ್ದು ಸಿಂಗಾಪುರದಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ. ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯಲ್ಲಿ ಮೊದಲು ನೋಂದಾಯಿಸಿದವರು ಇಟ್ಟದ್ದೇ ಹೆಸರು. ಅದಕ್ಕೆ ತಂದೆ ತಾಯಿ ಇಬ್ಬರ ಸರಿಯಾದ ಹೆಸರೂ ಗೊತ್ತಿರಬೇಕು. ಅಂಗಡಿಯ ಗಿಡದಲ್ಲಿ "ಡೆಂಡ್ರೋಬಿಯಂ, ನೇರಳೆ" ಅಂತ ಮಾತ್ರ ಬರೆದಿದ್ದರೆ ಅದರ ಮಕ್ಕಳಿಗೆ ನಾಮಕರಣ ಇಲ್ಲ. ಇನ್ನು ಕಾಡಿಗೆ ಹೋಗಿ ಆರ್ಕಿಡ್ ಕೀಳುವುದು ಬೇಡವೇ ಬೇಡ, ಅದು ಕಾನೂನಿಗೂ ವಿರುದ್ಧ. ನನ್ನ ವಾಂಡಾ ಟೆಸ್ಸೆಲ್ಲಾಟಾ ಮೇ ತಿಂಗಳ ಗಾಳಿಮಳೆಗೆ ಪಕ್ಕದ ಮನೆಯ ಮಾವಿನ ಕೊಂಬೆ ಮುರಿದು ಬಿದ್ದಾಗ ಅದರ ಜೊತೆಗೇ ಬಂದಿದ್ದು.

ನನ್ನ ನೇರಳೆ-ಬಿಳಿ ಡೆಂಡ್ರೋಬಿಯಂ ಜೋಡಿಯ ಮಕ್ಕಳಲ್ಲಿ ದೊಡ್ಡದಾಗಿದ್ದು ಹನ್ನೊಂದು. ಹಲ್ಲುಕಡ್ಡಿಯಿಂದ ಮೊದಲ ಹೂವಿನ ತನಕ ನಾಲ್ಕು ವರ್ಷ. ಹತ್ತು ಗಿಡದ್ದು ತಾಯಿಯ ಬಣ್ಣವೇ, ಸ್ವಲ್ಪ ಮಾಸಿದ್ದು. ಏಳನೇ ನಂಬರಿನದು ಮಾತ್ರ ಬೇರೆ. ದಳ ಬಿಳಿ, ಅಂಚಿಗೆ ನೇರಳೆ ಗೆರೆ, ಸೀರೆಗೆ ಅಂಚು ಹಿಡಿದ ಹಾಗೆ. ತುಟಿ ಕಡು ನೇರಳೆ.

ಮೊನ್ನೆ ಅದನ್ನು ಇನ್ನೊಂದಕ್ಕೆ ಕೂಡಿಸಲು ಹಲ್ಲುಕಡ್ಡಿ ತೆಗೆದೆ. ಅಕ್ಕ ಕಸಬರಿಗೆ ಗೋಡೆಗೆ ಒರಗಿಸಿ, "ಕೊಡ್ರಿಲ್ಲೆ" ಅಂತ ಕಡ್ಡಿ ಇಸಿದುಕೊಂಡರು. ಟೊಪ್ಪಿಗೆ ಎತ್ತಿದ್ದು, ಗುಳಿಗೆ ಕೂರಿಸಿದ್ದು ಎರಡೂ ನನಗೆ ಸರಿಯಾಗಿ ಕಾಣಲೇ ಇಲ್ಲ, ಅಷ್ಟು ಬೇಗ ಮುಗಿದಿತ್ತು. ಬಿಳಿ ಕಾಗದವೂ ಬೇಕಾಗಲಿಲ್ಲ. "ಇದು ಯಾವಾಗ ಹೂ ಬಿಡತೈತ್ರೀ?" ಅಂದರು. ನಾಲ್ಕು ವರ್ಷ ಅಂದೆ.

"ಅಷ್ಟರಾಗ ನನ್ನ ಮಗಳ ಮದುವಿ ಆಗಿರತೈತಿ" ಅಂತ ನಕ್ಕು ಕಸಬರಿಗೆ ತೆಗೆದುಕೊಂಡರು. ನಾನು ಪೆನ್ಸಿಲ್ ಹುಡುಕಲು ಒಳಗೆ ಹೋದೆ.